ಮಾತು ತಡವಾದ ಮಗು: ಕಿವಿ, ಬೆರಳು, ಕಣ್ಣು ಕೊಡುವ ಸುಳಿವು

ಮಗುವಿಗೆ ಎರಡು ವರ್ಷ ತುಂಬಿದೆ, ಇನ್ನೂ ‘ಅಮ್ಮ’ ಅಂದಿಲ್ಲ. ‘ಅವರಪ್ಪನೂ ಮೂರು ವರ್ಷಕ್ಕೇ ಮಾತು ಕಲಿತಿದ್ದು’ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಬಜೆ ತೇಯ್ದು ಜೇನಿನಲ್ಲಿ ನಾಲಿಗೆಗೆ ಹಚ್ಚಿ ಎನ್ನುತ್ತಾರೆ ಪಕ್ಕದ ಮನೆಯವರು. ನಾಲಿಗೆಯಡಿಯ ಹುರಿ ಕತ್ತರಿಸಿದರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ‘ಮೂರು ವರ್ಷದವರೆಗೆ ನೋಡೋಣ’ ಎಂಬ ಮಾತು ಕೆಲವೊಮ್ಮೆ ಕ್ಲಿನಿಕ್‌ನಲ್ಲೇ ಸಿಗುತ್ತದೆ. ಹೀಗೆ ನೋಡುತ್ತ ನೋಡುತ್ತ ಒಂದು ವರ್ಷ ಸರಿದುಹೋಗುತ್ತದೆ.

ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಎರಡು ವರ್ಷದ ನೂರು ಮಕ್ಕಳಲ್ಲಿ ಹತ್ತರಿಂದ ಹದಿನೈದು ಮಕ್ಕಳಿಗೆ ಮಾತು ತಡವಾಗಿರುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆ ಸೇರುವ ಹೊತ್ತಿಗೆ ಓರಗೆಯವರನ್ನು ಹಿಡಿಯುತ್ತಾರೆ. ಆದರೆ ಯಾವ ಮಗು ಹಿಡಿಯುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಎಂಬುದು ಬರೀ ಬಾಯಿಯನ್ನು ನೋಡಿದರೆ ಗೊತ್ತಾಗುವುದಿಲ್ಲ. ಮಾತು ಸರಪಳಿಯ ಕೊನೆಯ ಕೊಂಡಿ. ಅದಕ್ಕೂ ಮೊದಲು ಕೇಳುವುದು, ಮುಖ ನೋಡುವುದು, ಸನ್ನೆ ಮಾಡುವುದು, ಹೇಳಿದ್ದು ಅರ್ಥವಾಗುವುದು, ಆಡುವುದು ಎಂಬ ಕೊಂಡಿಗಳಿವೆ. ಅವುಗಳಲ್ಲಿ ಯಾವುದು ಸಡಿಲವಾಗಿದೆ ಎಂದು ನೋಡಿದರೆ ಎರಡು ವರ್ಷಕ್ಕೆ ಮೊದಲೇ ಬಹಳಷ್ಟು ತಿಳಿಯುತ್ತದೆ.

ಮಾತು ತಡವಾಗುವುದು ಜ್ವರವಿದ್ದಂತೆ. ಅದೇ ಕಾಯಿಲೆಯಲ್ಲ, ಒಳಗಿನ ಇನ್ನೊಂದರ ಗುರುತು. ಹಿಂದೆ ಕಿವುಡುತನವಿರಬಹುದು, ಆಟಿಸಂ (ಜನರೊಂದಿಗಿನ ಒಡನಾಟದಲ್ಲೇ ತೊಡಕಿರುವ ಬೆಳವಣಿಗೆಯ ತೊಂದರೆ) ಇರಬಹುದು, ಒಟ್ಟಾರೆ ಬೆಳವಣಿಗೆಯೇ ನಿಧಾನವಾಗಿರಬಹುದು, ಉಳಿದೆಲ್ಲ ಸರಿಯಿದ್ದು ಭಾಷೆಯೊಂದೇ ಹಿಂದುಳಿದಿರಬಹುದು. ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಎಳೆಯ ಮಿದುಳಿಗಾದ ಹಾನಿಯಿಂದ, ಬಾಯಿಯ ಸ್ನಾಯುಗಳು ಹಿಡಿತಕ್ಕೆ ಸಿಗದೆ ಇರಬಹುದು. ಒಂದೇ ಮಗುವಿನಲ್ಲಿ ಇವುಗಳಲ್ಲಿ ಎರಡು ಸೇರಿಕೊಂಡಿರುವುದೂ ಅಪರೂಪವಲ್ಲ.

ಮೊದಲು ಕಿವಿ

ತಟ್ಟೆ ಬೀಳಿಸಿದೆವು, ತಿರುಗಿ ನೋಡಿತು, ಕಿವಿ ಸರಿಯಿದೆ ಎಂದು ತೀರ್ಮಾನಿಸುವುದು ತೀರಾ ಸಾಮಾನ್ಯವಾದ ತಪ್ಪು. ಬಾಗಿಲು ಬಡಿದಾಗ ನೆಲ ನಡುಗುತ್ತದೆ, ಗಾಳಿ ಅಲುಗುತ್ತದೆ, ಪಕ್ಕದಲ್ಲಿದ್ದವರು ಬೆಚ್ಚುತ್ತಾರೆ. ಕಿವಿ ಕೇಳದ ಮಗು ಇವನ್ನೆಲ್ಲ ಬಹಳ ಚುರುಕಾಗಿ ಗಮನಿಸುತ್ತದೆ. ಭಾಗಶಃ ಕಿವುಡಿರುವ ಮಗುವಿಗೆ ಲಾರಿಯ ಸದ್ದು ಕೇಳಿಸಬಹುದು, ‘ಸ’, ‘ಚ’, ‘ಕ’ ಮಾತ್ರ ಕೇಳಿಸದೆ ಹೋಗಬಹುದು. ಅಂಥ ಮಗು ಕರೆದರೆ ತಿರುಗುತ್ತದೆ, ಆದರೆ ಮಾತು ಅದಕ್ಕೆ ತುಂಡುತುಂಡಾಗಿ ತಲುಪುತ್ತದೆ.

ಆದ್ದರಿಂದ ಮಾತು ತಡವಾದ ಪ್ರತಿ ಮಗುವಿಗೂ, ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂದು ಮನೆಯವರಿಗೆ ಎಷ್ಟೇ ಖಾತ್ರಿಯಿದ್ದರೂ, ಮೊದಲ ಹೆಜ್ಜೆ ಶ್ರವಣ ಪರೀಕ್ಷೆ. ಒಎಇ ಪರೀಕ್ಷೆಯಲ್ಲಿ ಕಿವಿಗೆ ಸಣ್ಣ ಬಿರಡೆಯಂಥದ್ದನ್ನಿಟ್ಟು ಒಳಗಿವಿಯ ಮಾರುದನಿಯನ್ನು ಅಳೆಯುತ್ತಾರೆ, ಕೆಲವೇ ನಿಮಿಷಗಳ ಕೆಲಸ. ಕಿವಿಯಲ್ಲಿ ಗುಗ್ಗೆಯೋ ಪೊರೆಯ ಹಿಂದೆ ನೀರೋ ಇದ್ದರೂ ಇದರಲ್ಲಿ ಫೇಲ್ ಎಂದು ಬರಬಹುದು, ಅಷ್ಟಕ್ಕೇ ಗಾಬರಿಯಾಗಬೇಕಿಲ್ಲ. ಹಾಗೆಯೇ ಒಳಗಿವಿ ಸರಿಯಿದ್ದು ನರದಲ್ಲಿ ತೊಂದರೆಯಿದ್ದರೆ ಒಎಇ ಪಾಸ್ ಎಂದು ತೋರಿಸಿಬಿಡುತ್ತದೆ. ಅದಕ್ಕಾಗಿಯೇ ಬೆರಾ ಪರೀಕ್ಷೆ ಇರುವುದು. ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಶಬ್ದವು ಮಿದುಳಿನ ಕಾಂಡದವರೆಗೆ ತಲುಪುತ್ತಿದೆಯೇ ಎಂದು ನೋಡುತ್ತಾರೆ. ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಬಸ್ಸಿನಲ್ಲೋ ಕಾರಿನಲ್ಲೋ ನಿದ್ದೆ ಮಾಡಲು ಬಿಡದೆ ಕರೆದೊಯ್ದರೆ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ದಾರಿಯಲ್ಲಿ ಮಲಗಿದ ಮಗು ಅಲ್ಲಿ ಎಚ್ಚರವಾಗಿ ಕೂರುತ್ತದೆ, ಮತ್ತೊಂದು ದಿನ ಹೋಗಬೇಕಾಗುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆಂದು ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ವೈದ್ಯಕೀಯ ಕಾಲೇಜುಗಳಲ್ಲೂ ಶ್ರವಣ ತಜ್ಞರು ಇರುತ್ತಾರೆ. ಹುಟ್ಟಿದಾಗ ಐದು ದಿನಕ್ಕಿಂತ ಹೆಚ್ಚು ಐಸಿಯುನಲ್ಲಿದ್ದ, ತೀವ್ರ ಕಾಮಾಲೆಯಾಗಿದ್ದ, ಮಿದುಳು ಜ್ವರ ಬಂದಿದ್ದ, ಇಲ್ಲವೇ ಮನೆತನದಲ್ಲಿ ಕಿವುಡುತನವಿರುವ ಮಗುವಿನ ವಿಷಯದಲ್ಲಿ ಒಂದು ತಿಂಗಳೂ ಕಾಯುವುದು ಬೇಡ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಇಬ್ಬರಲ್ಲೂ ಅಡಗಿರುವ ಒಂದೇ ದೋಷದ ಜೀನ್ ಮಗುವಿನಲ್ಲಿ ಜೋಡಿಯಾಗುವ ಸಾಧ್ಯತೆ ಅಲ್ಲಿ ಹೆಚ್ಚು. ಹುಟ್ಟುಕಿವುಡಿನ ಕೆಲವು ಬಗೆಗಳೂ ಚಯಾಪಚಯದ ಕೆಲವು ರೋಗಗಳೂ ಹೀಗೆಯೇ ಬರುತ್ತವೆ.

ಇನ್ನು ನಾಲಿಗೆಯ ಹುರಿ. ನಾಲಿಗೆ ಕಟ್ಟಿಕೊಂಡಿದ್ದರೆ ಮೊಲೆಯೂಡಿಸಲು ಕಷ್ಟವಾಗಬಹುದು, ಮುಂದೆ ಒಂದೆರಡು ಅಕ್ಷರಗಳ ಉಚ್ಚಾರ ಅಸ್ಪಷ್ಟವಾಗಬಹುದು. ಆದರೆ ಅದರಿಂದ ಮಾತೇ ಬಾರದಿರುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡುವುದಂತೂ ಅಪಾಯ, ಬಾಟುಲಿಸಂ ಎಂಬ ವಿಷಬಾಧೆ ತಗಲಬಹುದು.

ಮಾತಿಗೆ ಮುಂಚಿನ ಮಾತು

ಮಗು ಬಾಯಿ ಬಿಡುವುದಕ್ಕೆ ಎಷ್ಟೋ ಮೊದಲು ಬೆರಳಿನಿಂದ ಮಾತಾಡುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ‘ಅದು ಬೇಕು’ ಎಂದು ತೋರುಬೆರಳು ಚಾಚುತ್ತದೆ. ಒಂದೂವರೆ ವರ್ಷದೊಳಗೆ ಇನ್ನೊಂದು ಬಗೆಯ ತೋರಿಸುವಿಕೆ ಬರುತ್ತದೆ: ಆಕಾಶದಲ್ಲಿ ವಿಮಾನ ಹೋದರೆ ಬೆರಳು ಮಾಡಿ ತೋರಿಸಿ, ತಿರುಗಿ ಅಮ್ಮನ ಮುಖ ನೋಡಿ, ‘ನೀನೂ ನೋಡಿದೆಯಾ?’ ಎಂದು ಕಣ್ಣಲ್ಲೇ ಕೇಳುತ್ತದೆ. ಇಲ್ಲಿ ಮಗುವಿಗೆ ಏನೂ ಬೇಕಿಲ್ಲ, ಹಂಚಿಕೊಳ್ಳಬೇಕು ಅಷ್ಟೆ. ಈ ಎರಡನೆಯ ಬಗೆ ಕಾಣದಿದ್ದರೆ ಎಚ್ಚರಗೊಳ್ಳಬೇಕು. ಆಟಿಸಂ ಇರುವ ಎಷ್ಟೋ ಮಕ್ಕಳು ಬೆರಳು ಚಾಚುವುದರ ಬದಲು ದೊಡ್ಡವರ ಕೈಯನ್ನೇ ಹಿಡಿದೆಳೆದು ಡಬ್ಬಿಯ ಮೇಲಿಡುತ್ತಾರೆ, ಮುಖವನ್ನು ಮಾತ್ರ ನೋಡುವುದಿಲ್ಲ.

ನೆನಪಿಟ್ಟುಕೊಳ್ಳಲು ಒರಟು ಅಳತೆ ಹೀಗಿದೆ. ಒಂಬತ್ತು ತಿಂಗಳಿಗೆ ‘ಬಬಬ’, ‘ಮಮಮ’ ಎಂಬ ತೊದಲು. ಹನ್ನೆರಡು ತಿಂಗಳಿಗೆ ಹೆಸರು ಕರೆದರೆ ತಿರುಗುವುದು, ಟಾಟಾ ಮಾಡುವುದು, ಎತ್ತಿಕೋ ಎಂದು ಕೈ ಚಾಚುವುದು. ಹದಿನಾರು ತಿಂಗಳಿಗೆ ಒಂದಾದರೂ ಅರ್ಥವಿರುವ ಪದ, ‘ಬುವ್ವ’ ಆಗಲಿ ‘ಅಂಬಾ’ ಆಗಲಿ ನಡೆಯುತ್ತದೆ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ‘ಅಮ್ಮ ಬಾ’, ‘ಹಾಲು ಬೇಡ’ದಂಥ ಸ್ವಂತದ ಜೋಡಿಮಾತು. ಟಿವಿಯ ಜಾಹೀರಾತನ್ನೋ ಇಂಗ್ಲಿಷ್ ಅಕ್ಷರಮಾಲೆಯನ್ನೋ ಗಡಗಡನೆ ಹೇಳುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ನೂರರವರೆಗೆ ಎಣಿಸುವ ಮಗು ನೀರು ಕೇಳಲಾರದೆ ಅಳುತ್ತಿದ್ದರೆ ಅದು ಹೆಮ್ಮೆಪಡುವುದಕ್ಕಿಂತ ಪರೀಕ್ಷೆ ಮಾಡಿಸುವ ವಿಷಯ.

ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ವಯಸ್ಸನ್ನು ತಿದ್ದಿ ಎಣಿಸಬೇಕು. 32 ವಾರಕ್ಕೆ ಹುಟ್ಟಿದ್ದರೆ 8 ವಾರ ಕಳೆಯಬೇಕು, ಹನ್ನೆರಡು ತಿಂಗಳ ಮಗುವನ್ನು ಹತ್ತು ತಿಂಗಳದ್ದೆಂದು ಅಳೆಯಬೇಕು. ಒಂದು ಸುಳಿವಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ: ಬಂದಿದ್ದ ಮಾತು, ಟಾಟಾ, ನಗು ಕಳೆದುಹೋಗುವುದು. ಯಾವ ವಯಸ್ಸಿನಲ್ಲೇ ಹೀಗಾದರೂ ಅದೇ ವಾರ ವೈದ್ಯರ ಬಳಿ ಹೋಗಬೇಕು.

ಇದೇ ಹೊತ್ತಿನಲ್ಲಿ ಮೈಕೈಯನ್ನೂ ಗಮನಿಸಿ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ತೊಂದರೆ ಮಾತಿನದೊಂದೇ ಅಲ್ಲ. ಒಂದು ವರ್ಷದೊಳಗೇ ಮಗು ಒಂದೇ ಕೈ ಬಳಸುತ್ತಿದ್ದರೆ ‘ನಮ್ಮದು ಎಡಚ’ ಎಂದು ನಕ್ಕು ಬಿಡಬೇಡಿ. ಇನ್ನೊಂದು ಕೈ ದುರ್ಬಲವಾಗಿರಬಹುದು.

ಮದ್ದಿರುವ ಕಾರಣಗಳು

ಬೆಳವಣಿಗೆಯ ಹೆಚ್ಚಿನ ತೊಂದರೆಗಳಿಗೆ ಮಾತ್ರೆಯಿಲ್ಲ. ಕೆಲವಕ್ಕೆ ಇದೆ, ಅವನ್ನು ತಪ್ಪಿಸಿಕೊಳ್ಳುವುದು ದೊಡ್ಡ ನಷ್ಟ. ಹುಟ್ಟಿನಿಂದ ಥೈರಾಯ್ಡ್ ಕೊರತೆಯಿರುವ ಕೂಸು ಮೊದಮೊದಲು ಆರೋಗ್ಯವಾಗಿಯೇ ಕಾಣುತ್ತದೆ. ಮೊದಲ ಕೆಲವೇ ವಾರಗಳಲ್ಲಿ ಮಾತ್ರೆ ಶುರುವಾದರೆ ಮಿದುಳು ಚೆನ್ನಾಗಿ ಬೆಳೆಯುತ್ತದೆ, ತಡವಾದರೆ ಆಗುವ ಹಾನಿಯನ್ನು ತಿರುಗಿಸಲಾಗದು. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆಯುವ ಎರಡು ಹನಿ ರಕ್ತದಲ್ಲಿ ಇದು ಪತ್ತೆಯಾಗುತ್ತದೆ.

ಇನ್ನೊಂದು ನಮ್ಮ ಕಡೆ ಮುಖ್ಯವಾದದ್ದು. ತಾಯಿ ಶುದ್ಧ ಸಸ್ಯಾಹಾರಿ, ಹಾಲು ಮೊಸರು ಕಡಿಮೆ, ಮಗುವಿಗೆ ವರ್ಷವಾದರೂ ಎದೆಹಾಲೇ ಹೆಚ್ಚು ಎಂದಿದ್ದರೆ ಬಿ12 ಜೀವಸತ್ವದ ಕೊರತೆಯಾಗಬಹುದು. ಆರರಿಂದ ಹದಿನೆಂಟು ತಿಂಗಳ ನಡುವೆ ಮಗು ನಗುವುದನ್ನು ಬಿಡುತ್ತದೆ, ಕೂರುತ್ತಿದ್ದದ್ದು ಕೂರುವುದಿಲ್ಲ, ಬಿಳಿಚಿಕೊಳ್ಳುತ್ತದೆ, ಕೂದಲು ತೆಳುವಾಗಿ ಕಂದುತ್ತದೆ, ಬೆರಳ ಗೆಣ್ಣುಗಳು ಕಪ್ಪಾಗುತ್ತವೆ, ಕೆಲವರಲ್ಲಿ ಕೈ ತಲೆ ನಡುಗುತ್ತವೆ. ಬಿ12 ಚುಚ್ಚುಮದ್ದು ಕೊಟ್ಟರೆ ದಿನಗಳಲ್ಲೇ ಮಗು ಮತ್ತೆ ಮುಖ ನೋಡತೊಡಗುತ್ತದೆ. ಕಬ್ಬಿಣದ ಕೊರತೆಯೂ ಗಮನ, ನಿದ್ದೆ, ಹಸಿವು ಎಲ್ಲವನ್ನೂ ಕೆಡಿಸುತ್ತದೆ. ಆದ್ದರಿಂದ ರಕ್ತ ಪರೀಕ್ಷೆ ಬರೆದುಕೊಟ್ಟರೆ ಆಟಿಸಂ ಹುಡುಕಲು ಎಂದುಕೊಳ್ಳಬೇಡಿ, ಈ ಜೊತೆಗಾರರನ್ನು ಹುಡುಕಲು.

ಆಟಿಸಂ ಇದೆಯೇ ಎಂದು ಹೇಳುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಫಿಟ್ಸ್ ಬರುತ್ತಿದ್ದರೆ, ಕಲಿತದ್ದು ಕಳೆದುಹೋಗುತ್ತಿದ್ದರೆ, ತಲೆಯ ಗಾತ್ರ ತೀರಾ ಸಣ್ಣದೋ ದೊಡ್ಡದೋ ಆಗಿದ್ದರೆ ಎಂಆರ್‌ಐ, ಇಇಜಿಗೆ ಅರ್ಥವಿದೆ. ಎಲ್ಲ ಮಕ್ಕಳಿಗೂ ಅವು ಬೇಕಿಲ್ಲ.

ಆಟಿಸಂ ಎಂದು ಯಾವಾಗ ಹೇಳುತ್ತಾರೆ

2013ರಿಂದ ಬಳಕೆಯಲ್ಲಿರುವ ಮಾನದಂಡದಲ್ಲಿ ಎರಡು ಕಂಬಗಳಿವೆ. ಒಂದು, ಜನರೊಂದಿಗಿನ ಒಡನಾಟ ಮತ್ತು ಸಂವಹನದಲ್ಲಿ ತೊಡಕು. ಇನ್ನೊಂದು, ಒಂದೇ ಬಗೆಯ ನಡವಳಿಕೆ: ಚಕ್ರ ತಿರುಗಿಸುತ್ತಲೇ ಇರುವುದು, ಕೈ ಬಡಿಯುವುದು, ಒಂದೇ ದಾರಿಯಲ್ಲೇ ಹೋಗಬೇಕೆಂಬ ಹಟ, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು. ಎರಡೂ ಇದ್ದರೆ ಮಾತ್ರ ಆಟಿಸಂ. ಮಾತು ತಡವಾಗುವುದೊಂದೇ ಆಟಿಸಂ ಅಲ್ಲ. ಮಾತು ಚೆನ್ನಾಗಿದ್ದರೂ ಆಟಿಸಂ ಇರಬಹುದು.

ಮನೆಯವರು ಉತ್ತರಿಸಬಹುದಾದ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ, 16ರಿಂದ 30 ತಿಂಗಳ ಮಕ್ಕಳಿಗೆ. 0ಯಿಂದ 2 ಅಂಕ ಬಂದರೆ ಅಪಾಯ ಕಡಿಮೆ. 3ರಿಂದ 7 ಬಂದರೆ ಆ ಪ್ರಶ್ನೆಗಳನ್ನೇ ಬಿಡಿಸಿ ಮತ್ತೆ ಕೇಳಬೇಕು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ತಜ್ಞರ ಬಳಿಗೆ. ಇದು ಜರಡಿ ಮಾತ್ರ, ತೀರ್ಪಲ್ಲ. ಅಂಕ ಹೆಚ್ಚು ಬಂದ ಎಲ್ಲ ಮಕ್ಕಳಿಗೂ ಆಟಿಸಂ ಇರುವುದಿಲ್ಲ, ಆದರೆ ಅವರಲ್ಲಿ ಹೆಚ್ಚಿನವರಿಗೆ ಏನಾದರೊಂದು ನೆರವು ಬೇಕಾಗಿರುತ್ತದೆ.

ತಾಯಿ ಕೆಲಸಕ್ಕೆ ಹೋದದ್ದರಿಂದ, ಮಗುವನ್ನು ಎತ್ತಿ ಆಡಿಸದ್ದರಿಂದ ಹೀಗಾಯಿತು ಎಂಬ ದೂರು ಇಂದಿಗೂ ಎಷ್ಟೋ ಮನೆಗಳಲ್ಲಿ ಕೇಳಿಸುತ್ತದೆ. ಇದೇ ದೂರನ್ನು ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ ಮನೋವೈದ್ಯರೇ ಹೊರಿಸಿದ್ದರು, ತಣ್ಣನೆಯ ತಾಯಂದಿರಿಂದ ಆಟಿಸಂ ಬರುತ್ತದೆ ಎಂದು. ಅದು ತಪ್ಪೆಂದು ತೀರ್ಮಾನವಾಗಿ ದಶಕಗಳೇ ಕಳೆದಿವೆ. ಲಸಿಕೆಗೂ ಆಟಿಸಂಗೂ ನಂಟಿದೆ ಎಂದು ಸೂಚಿಸಿದ 1998ರ ಪ್ರಬಂಧವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆಟಿಸಂನಲ್ಲಿ ಜೀನ್‌ಗಳ ಪಾತ್ರ ದೊಡ್ಡದು. ಮೊದಲ ಮಗುವಿಗಿದ್ದರೆ ಬೆನ್ನಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಸುಮಾರು ಒಂದಕ್ಕೆ ಬರುತ್ತದೆ. ಆದ್ದರಿಂದ ತಮ್ಮನನ್ನೋ ತಂಗಿಯನ್ನೋ ಒಂದು ವರ್ಷದಿಂದಲೇ ಗಮನಿಸುತ್ತಿರಬೇಕು.

ಮೊಬೈಲಿನ ವಿಷಯ ಸ್ವಲ್ಪ ಸೂಕ್ಷ್ಮ. ‘ವರ್ಚುವಲ್ ಆಟಿಸಂ’ ಎಂಬ ಹೆಸರು ಈಗ ಬಾಯಿಂದ ಬಾಯಿಗೆ ಹರಡಿದೆ, ವೈದ್ಯಕೀಯ ಕೈಪಿಡಿಗಳಲ್ಲಿ ಅಂಥದ್ದೊಂದು ರೋಗನಿರ್ಣಯವೇ ಇಲ್ಲ. ಮೊಬೈಲ್ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಆರು ತಿಂಗಳು ಕಾದವರು ಆ ಆರು ತಿಂಗಳನ್ನು ಕಳೆದುಕೊಳ್ಳುತ್ತಾರೆ. ಹಾಗೆಂದು ಮೊಬೈಲ್ ನಿರಪಾಯವೂ ಅಲ್ಲ. ಅದು ಮಗುವಿನ ಕಣ್ಣಿಗೆ ಬಣ್ಣ ಕೊಡುತ್ತದೆ, ಕಿವಿಗೆ ಸದ್ದು ಕೊಡುತ್ತದೆ, ಮಗುವಿನ ‘ಊಂ’ಗೆ ಮಾತ್ರ ಉತ್ತರ ಕೊಡುವುದಿಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು. ದೂರದೂರಿನ ಅಜ್ಜಿಯೊಡನೆ ವಿಡಿಯೊ ಕರೆಯಲ್ಲಿ ನಗುವುದನ್ನು ಈ ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಅಲ್ಲಿ ಉತ್ತರ ಬರುತ್ತದೆ.

ಎಲ್ಲಿಗೆ, ಏನನ್ನು ತೆಗೆದುಕೊಂಡು

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕು. ಅವರು ಬರೆದುಕೊಟ್ಟರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ವಾಕ್ ತಜ್ಞರು, ಫಿಸಿಯೊಥೆರಪಿಯವರು ಒಂದೇ ಕಡೆ ನೋಡುತ್ತಾರೆ, ಖರ್ಚಿಲ್ಲದೆ. ತಂಡ ಬರುವವರೆಗೆ ಕಾಯಬೇಕೆಂದಿಲ್ಲ, ನೇರವಾಗಿಯೂ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ.

ಹೋಗುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಪತ್ರ ಜೊತೆಗಿರಲಿ. ಹುಟ್ಟಿದಾಗಿನ ತೂಕ, ತಕ್ಷಣ ಅತ್ತಿತೇ, ಎಷ್ಟು ದಿನ ಐಸಿಯು, ಕಾಮಾಲೆಗೆ ಬೆಳಕಿನಡಿ ಇಟ್ಟರೇ ಎಂಬುದೆಲ್ಲ ಬೇಕಾಗುತ್ತದೆ. ಅದಕ್ಕಿಂತ ಉಪಯುಕ್ತವಾದದ್ದು ಮನೆಯಲ್ಲಿ ತೆಗೆದ ಎರಡೆರಡು ನಿಮಿಷದ ನಾಲ್ಕು ವಿಡಿಯೊಗಳು: ಮಗು ತಾನೇ ಆಡುತ್ತಿರುವುದು, ಹಿಂದಿನಿಂದ ಹೆಸರು ಕರೆದಾಗ ಏನು ಮಾಡುತ್ತದೆ, ಊಟದ ಹೊತ್ತು, ಬೇರೆ ಮಕ್ಕಳ ಜೊತೆ. ಹೊಸ ಜಾಗದಲ್ಲಿ ಮಗು ಅಳುತ್ತಲೇ ಇದ್ದರೆ ತಜ್ಞರಿಗೆ ಕಾಣುವುದು ಅಳು ಮಾತ್ರ. ವಿಡಿಯೊ ತೆಗೆಯುವಾಗ ‘ಹೇಳು, ಮಾವನಿಗೆ ಹೇಳು’ ಎಂದು ಪ್ರಚೋದಿಸಬೇಡಿ, ಇದ್ದದ್ದು ಇದ್ದಂತೆ ಬರಲಿ.

ಒಂದು ಮಾತನ್ನು ಒತ್ತಿ ಹೇಳಬೇಕು. ರೋಗದ ಹೆಸರು ಖಚಿತವಾಗಲು ಮೂರು ನಾಲ್ಕು ಭೇಟಿ ಹಿಡಿಯಬಹುದು, ಸರದಿ ತಿಂಗಳುಗಟ್ಟಲೆ ಇರಬಹುದು. ಮುಂದೆ ಹೇಳುವ, ಮನೆಯಲ್ಲೇ ಮಾಡುವ ಅಭ್ಯಾಸಕ್ಕೆ ಆ ಹೆಸರು ಬೇಕಿಲ್ಲ. ಕಾರಣ ಯಾವುದೇ ಇದ್ದರೂ ಇದರಿಂದ ನಷ್ಟವಿಲ್ಲ, ಇವತ್ತೇ ಶುರುಮಾಡಬಹುದು.

ವಾರದ 84 ಗಂಟೆ

ಎರಡು ವರ್ಷದ ಮಗು ದಿನಕ್ಕೆ ಸುಮಾರು ಹನ್ನೆರಡು ಗಂಟೆ ಎಚ್ಚರವಿರುತ್ತದೆ, ಅಂದರೆ ವಾರಕ್ಕೆ 84 ಗಂಟೆ. ವಾರಕ್ಕೆರಡು ಸಲ 45 ನಿಮಿಷದ ಥೆರಪಿ ಎಂದರೆ ಒಂದೂವರೆ ಗಂಟೆ. ಉಳಿದ ಎಂಬತ್ತೆರಡೂವರೆ ಗಂಟೆ ಮನೆಯವರ ಕೈಯಲ್ಲಿದೆ. ಥೆರಪಿ ಕೋಣೆಯ ಬಾಗಿಲು ಮುಚ್ಚಿ ತಾಯ್ತಂದೆಯರನ್ನು ಹೊರಗೆ ಕೂರಿಸುವ ಕಡೆ ಇದೇ ಕಾರಣಕ್ಕೆ ಪ್ರಶ್ನೆ ಕೇಳಬೇಕು: ಇವತ್ತು ಏನು ಮಾಡಿದಿರಿ, ಮನೆಯಲ್ಲಿ ನಾವು ಏನು ಮಾಡಬೇಕು? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ಮನೆಗೆ ಹೋಗಿ, ತಾಯಿ ಮಗು ಆಡುವ ವಿಡಿಯೊ ತೆಗೆದು ತೋರಿಸಿ, ಯಾವ ಗಳಿಗೆಯಲ್ಲಿ ಮಗು ಸ್ಪಂದಿಸಿತು ಎಂದು ಗುರುತಿಸಲು ಕಲಿಸಿದರು. ತಾಯಂದಿರು ಮಗುವಿನ ಜಾಡು ಹಿಡಿಯುವುದು ಹೆಚ್ಚಿತು, ಮಗು ತಾನಾಗಿ ಸಂಪರ್ಕಿಸುವುದೂ ಹೆಚ್ಚಿತು.

ಜಾಡು ಹಿಡಿಯುವುದು ಎಂದರೆ ಮಗು ಏನನ್ನು ನೋಡುತ್ತಿದೆಯೋ ಅದರ ಬಗ್ಗೆಯೇ ಮಾತಾಡುವುದು. ಮಗು ಬಕೆಟ್ಟಿನ ನೀರು ಬಡಿಯುತ್ತಿರುವಾಗ ‘ಇಲ್ಲಿ ನೋಡು, ಇದು ಏನು? ಸೇಬು, ಹೇಳು ಸೇಬು’ ಎಂದರೆ ಆ ಪದಕ್ಕೆ ಅಂಟಿಕೊಳ್ಳಲು ಜಾಗವೇ ಇಲ್ಲ. ಎದುರಿಗೆ, ಮಗುವಿನ ಕಣ್ಣಿನ ಎತ್ತರಕ್ಕೆ ಕೂತು, ತಾವೂ ನೀರು ಬಡಿದು ‘ನೀರು! ಟಪ್! ನೀರು ಟಪ್!’ ಎನ್ನಬೇಕು. ಆಮೇಲೆ ಸುಮ್ಮನಾಗಿ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕು. ಈ ಸುಮ್ಮನಿರುವುದೇ ಎಲ್ಲರಿಗೂ ಕಷ್ಟ. ನಾವು ಎರಡು ಸೆಕೆಂಡಿನಲ್ಲಿ ಮತ್ತೆ ಮಾತಾಡಿಬಿಡುತ್ತೇವೆ. ನಿಧಾನವಾಗಿ ಗ್ರಹಿಸುವ ಮಗುವಿಗೆ ಸರದಿಯೇ ಸಿಗುವುದಿಲ್ಲ. ಆ ಮೌನದಲ್ಲಿ ಮಗು ಕಣ್ಣೆತ್ತಿ ನೋಡಿದರೂ ‘ಉಂ’ ಅಂದರೂ ಅದನ್ನು ಮಾತೆಂದೇ ತಿಳಿದು ತಕ್ಷಣ ಉತ್ತರಿಸಿ.

ವಾಕ್ಯದ ಉದ್ದಕ್ಕೂ ಲೆಕ್ಕವಿದೆ. ಮಗು ಮಾತೇ ಆಡದಿದ್ದರೆ ನೀವು ಒಂದು ಪದದಲ್ಲಿ, ಒಂದು ಪದ ಆಡಿದರೆ ಎರಡರಲ್ಲಿ. ‘ಚೆಂಡು’ ಎಂದರೆ ‘ಕೆಂಪು ಚೆಂಡು’, ‘ಚೆಂಡು ಕೊಡು’. ‘ಇದೇನು? ಅದೇನು?’ ಎಂಬ ಪರೀಕ್ಷೆ ಕಡಿಮೆಯಿರಲಿ. ಒಂದು ಪ್ರಶ್ನೆ ಕೇಳುವ ಮುನ್ನ ನಾಲ್ಕು ಸಲ ಸುಮ್ಮನೆ ವಿವರಿಸಿ.

ಕೇಳಬೇಕಾದ ಸಂದರ್ಭವನ್ನು ಹುಟ್ಟಿಸುವುದು ಮುಂದಿನದು. ಬಟ್ಟಲು ತುಂಬ ಮಂಡಕ್ಕಿ ಕೊಟ್ಟರೆ ಒಂದೇ ಸಲಕ್ಕೆ ಮುಗಿಯಿತು. ನಾಲ್ಕು ನಾಲ್ಕೇ ಕಾಳು ಕೊಟ್ಟರೆ ‘ಇನ್ನೂ’ ಎಂದು ಕೇಳುವ ಅವಕಾಶ ಹತ್ತು ಸಲ ಬರುತ್ತದೆ. ಬಿಸ್ಕತ್ತನ್ನು ಪಾರದರ್ಶಕ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಾಣುವಂತೆ ಇಡಿ. ಉಪ್ಪುಮೂಟೆ ಹೊತ್ತು ನಾಲ್ಕು ಹೆಜ್ಜೆ ಹೋಗಿ ನಿಂತುಬಿಡಿ. ಮೆಟ್ಟಿಲ ಮೇಲೆ ‘ಒಂದು, ಎರಡು…’ ಎಂದು ನಿಲ್ಲಿಸಿ ಕಾಯಿರಿ. ಇಲ್ಲಿ ಎಡವುವುದು ಎಲ್ಲಿ ಎಂದರೆ, ‘ಬಾಯಿಬಿಟ್ಟು ಹೇಳಿದರೇ ಕೊಡುವುದು’ ಎಂದು ಪಟ್ಟು ಹಿಡಿಯುವುದರಲ್ಲಿ. ಮಾತು ಬಾರದ ಮಗುವಿಗೆ ಅದು ಶಿಕ್ಷೆ. ಕಣ್ಣು ನೋಡಿತೇ, ಕೈ ಚಾಚಿತೇ, ಸದ್ದು ಮಾಡಿತೇ, ಕೊಟ್ಟುಬಿಡಿ, ಕೊಡುವಾಗ ಪದ ಹೇಳಿ.

ಆಟಿಸಂ ಇರುವ ಎಷ್ಟೋ ಮಕ್ಕಳು ಕೇಳಿದ್ದನ್ನೇ ಮರುನುಡಿಯುತ್ತಾರೆ. ಬಾಯಾರಿದಾಗ ‘ನೀರು ಬೇಕಾ?’ ಎಂದು ಪ್ರಶ್ನೆಯ ರಾಗದಲ್ಲೇ ಹೇಳುತ್ತಾರೆ, ಏಕೆಂದರೆ ನೀರು ಬರುವ ಮುಂಚೆ ದಿನವೂ ಅವರ ಕಿವಿಗೆ ಬಿದ್ದದ್ದು ಆ ಸಾಲೇ. ಇದು ಅರ್ಥವಿಲ್ಲದ ಗಿಳಿಪಾಠವಲ್ಲ, ಇಡೀ ಸಾಲನ್ನು ಒಂದೇ ಪದದಂತೆ ಬಳಸುತ್ತಿರುವುದು. ‘ಹಾಗಲ್ಲ’ ಎಂದು ಗದರಿಸದೆ, ಮಗು ಹೇಳಬೇಕಾದ ರೂಪವನ್ನೇ ನೀವು ಹೇಳಿ ನೀರು ಕೊಡಿ: ‘ನೀರು ಬೇಕು.’ ಕೇಳುವ ‘ಬೇಕಾ’ ಕಡಿಮೆಯಾಗಿ ‘ಬೇಕು’, ‘ಬೇಡ’, ‘ಸಾಕು’, ‘ಕೊಡು’ ಮನೆಯಲ್ಲಿ ಹೆಚ್ಚು ಕೇಳಿಸಿದಷ್ಟೂ ಮಗುವಿಗೆ ಸಲೀಸು.

ಮಾತು ಬರುವವರೆಗೆ ಚಿತ್ರಗಳಿರಲಿ. ನೀರಿನ ಲೋಟ, ತಟ್ಟೆ, ಬಚ್ಚಲು, ಹೊರಬಾಗಿಲು, ‘ಸಾಕು’ ಮತ್ತು ‘ನೋವು’ ಇವುಗಳ ಫೋಟೊ ಅಂಗೈಯಗಲ ಮುದ್ರಿಸಿ ಮಗುವಿನ ಕೈಗೆ ಎಟಕುವಲ್ಲಿ ಅಂಟಿಸಿ. ನಿಮ್ಮ ಮನೆಯ ಲೋಟದ್ದೇ ಫೋಟೊ ಒಳ್ಳೆಯದು. ಚಿತ್ರಕ್ಕೆ ಒಗ್ಗಿಕೊಂಡರೆ ಮಾತೇ ಬರುವುದಿಲ್ಲ ಎಂಬ ಭಯ ಬೇಡ. ಸಂಶೋಧನೆ ತೋರಿಸಿರುವುದು ಮಾತಿಗೆ ಅದು ಅಡ್ಡಿಯಾಗುವುದಿಲ್ಲ, ಕೆಲವರಲ್ಲಿ ನೆರವಾಗುತ್ತದೆ ಎಂದು. ತನಗೇನು ಬೇಕೆಂದು ತಿಳಿಸಲು ದಾರಿ ಸಿಕ್ಕ ಮಗುವಿನ ಕಿರುಚಾಟವೂ ಇಳಿಯುತ್ತದೆ.

ಯಾವ ಭಾಷೆಯಲ್ಲಿ

‘ಎರಡೆರಡು ಭಾಷೆಯಿಂದ ಮಗುವಿಗೆ ಗೊಂದಲ, ಕನ್ನಡ ಬಿಟ್ಟು ಇಂಗ್ಲಿಷ್ ಒಂದೇ ಇಟ್ಟುಕೊಳ್ಳಿ’ ಎಂಬ ಸಲಹೆ ಬೆಂಗಳೂರಿನಲ್ಲೂ ಹೊರದೇಶದ ಕನ್ನಡಿಗರ ಮನೆಗಳಲ್ಲೂ ಸಿಗುತ್ತದೆ. ಇದಕ್ಕೆ ಆಧಾರವಿಲ್ಲ. ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳೂ ಡೌನ್ ಸಿಂಡ್ರೋಮ್ ಮಕ್ಕಳೂ ಒಂದೇ ಭಾಷೆಯವರಿಗಿಂತ ಹಿಂದುಳಿಯುವುದಿಲ್ಲ. ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಬೇಕು, ‘ನೀರು’, ‘ಬಾಲ್’, ‘ಪಾಪ’ ಸೇರಿದರೆ ಮೂರು. ಕನ್ನಡ ಬಿಟ್ಟರೆ ಆಗುವ ನಷ್ಟ ಬೇರೆ ಬಗೆಯದು. ತಮ್ಮದಲ್ಲದ ಭಾಷೆಯಲ್ಲಿ ತಾಯಿಯ ವಾಕ್ಯ ಚಿಕ್ಕದಾಗುತ್ತದೆ, ಲಾಲಿಸುವ ರಾಗ ಬತ್ತುತ್ತದೆ, ಅಜ್ಜ ಅಜ್ಜಿಯರು ಮೂಕರಾಗುತ್ತಾರೆ. ಮಾತಿಗೆ ಹಸಿದಿರುವ ಮಗುವಿನ ಸುತ್ತ ಮಾತಾಡುವವರು ಅರ್ಧಕ್ಕಿಳಿಯುತ್ತಾರೆ. ನಿಮಗೆ ಯಾವುದು ಸಲೀಸೋ ಅದರಲ್ಲೇ, ತುಳುವಾಗಲಿ ಉರ್ದುವಾಗಲಿ ಕೊಂಕಣಿಯಾಗಲಿ, ಮನಸಾರೆ ಮಾತಾಡಿ.

ಕಿರುಚಾಟದ ಹಿಂದೆ

ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳುವುದು, ಕಚ್ಚುವುದು ಶುರುವಾದರೆ ಮೊದಲು ದೇಹವನ್ನು ನೋಡಿ: ಕಿವಿನೋವು, ಹುಳುಕುಹಲ್ಲು, ಮಲಬದ್ಧತೆ. ನೋವೆಂದು ಹೇಳಲಾರದ ಮಗುವಿನ ಭಾಷೆ ಅದು. ದೇಹ ಸರಿಯಿದ್ದರೆ ಒಂದು ವಾರ ಬರೆದಿಡಿ, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಕುಕ್ಕರ್ ಕೂಗಿದಾಗಲೆಲ್ಲ ಚೀರಿದರೆ ಅದು ಸದ್ದಿನ ಬಾಧೆ. ಬಾಗಿಲು ಮುಚ್ಚುವುದೋ, ಮೊದಲೇ ಹೇಳಿ ಆಚೆ ಕರೆದೊಯ್ಯುವುದೋ ಪರಿಹಾರ. ಚೀರಿದಾಗಲೆಲ್ಲ ಮೊಬೈಲ್ ಸಿಕ್ಕಿದ್ದರೆ ಅದು ಕಲಿತ ದಾರಿ.

ಕಲಿತ ದಾರಿಯನ್ನು ಮುಚ್ಚುವಾಗ ಮೊದಲ ಕೆಲವು ದಿನ ಚೀರಾಟ ಹೆಚ್ಚೇ ಆಗುತ್ತದೆ. ನಿನ್ನೆಯವರೆಗೆ ಕೆಲಸ ಮಾಡಿದ್ದು ಇಂದು ಮಾಡದಿದ್ದರೆ ಇನ್ನೂ ಜೋರಾಗಿ ಮಾಡಿ ನೋಡುವುದು ಸಹಜ. ಮೂರನೆಯ ದಿನ ನಲವತ್ತನೆಯ ನಿಮಿಷಕ್ಕೆ ಸೋತು ಮೊಬೈಲ್ ಕೊಟ್ಟರೆ, ಮಗು ಕಲಿಯುವುದು ‘ನಲವತ್ತು ನಿಮಿಷ ಅತ್ತರೆ ಸಿಗುತ್ತದೆ’ ಎಂದು. ಆದ್ದರಿಂದ ಮನೆಯವರೆಲ್ಲ ಒಪ್ಪದೆ ಶುರುಮಾಡಬೇಡಿ, ಹಬ್ಬದ ವಾರ, ನೆಂಟರಿರುವ ವಾರ ಬೇಡವೇ ಬೇಡ. ಮೊಬೈಲಿನ ಬದಲಿಗೆ ಏನು ಎಂಬುದು ಮೊದಲೇ ಸಿದ್ಧವಿರಲಿ: ನೀರಾಟ, ಉಯ್ಯಾಲೆ, ಹಿಟ್ಟಿನ ಉಂಡೆ.

ಮಾತು ಬರಿಸುವ ಔಷಧವಿಲ್ಲ. ತೀವ್ರ ಸಿಡುಕಿಗೆ, ನಿದ್ದೆಗೆ, ಫಿಟ್ಸ್‌ಗೆ ವೈದ್ಯರು ಮಾತ್ರೆ ಕೊಡುತ್ತಾರೆ, ಅವುಗಳ ಕೆಲಸ ಅಷ್ಟಕ್ಕೇ. ಲಕ್ಷಗಟ್ಟಲೆ ಕೇಳುವ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ರಕ್ತದ ಲೋಹ ತೆಗೆಯುವ ಚಿಕಿತ್ಸೆ, ಒತ್ತಡದ ಆಮ್ಲಜನಕದ ಕೋಣೆ ಇವಕ್ಕೂ ಆಧಾರವಿಲ್ಲ, ಅಪಾಯವಿದೆ. ಗೋಧಿ ಹಾಲು ಬಿಡಿಸುವ ಪಥ್ಯ, ಮೊದಲೇ ನಾಲ್ಕೈದು ತಿನಿಸನ್ನಷ್ಟೇ ಮುಟ್ಟುವ ಮಗುವನ್ನು ಇನ್ನಷ್ಟು ಸೊರಗಿಸುತ್ತದೆ.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ವಾಕ್ ಮತ್ತು ಭಾಷೆಯ ತೊಂದರೆ ಸೇರಿ 21 ಬಗೆಗಳನ್ನು ಗುರುತಿಸುತ್ತದೆ. 40 ಶೇಕಡಾ ಅಥವಾ ಹೆಚ್ಚೆಂದು ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ನೆರವಿದೆ, ಹೊರರೋಗಿ ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಬಿಲ್ಲುಗಳನ್ನು ಮೊದಲ ದಿನದಿಂದಲೇ ಜೋಪಾನ ಮಾಡಿ. ಪ್ರಮಾಣಪತ್ರ ಪಡೆದರೆ ಮಗುವಿಗೆ ಮುದ್ರೆ ಬೀಳುತ್ತದೆ ಎಂದು ಹಿಂಜರಿಯುವವರಿದ್ದಾರೆ. ಚಿಕ್ಕ ಮಕ್ಕಳಿಗೆ ಕೊಡುವುದು ಸಾಮಾನ್ಯವಾಗಿ ತಾತ್ಕಾಲಿಕ ಪತ್ರ, ಅವಧಿ ಮುಗಿದಾಗ ಮತ್ತೆ ಅಳೆಯುತ್ತಾರೆ. ಅದನ್ನು ಯಾರಿಗೆ ತೋರಿಸಬೇಕೆಂಬುದು ನಿಮ್ಮ ಕೈಯಲ್ಲೇ ಇರುತ್ತದೆ.

ಕೊನೆಯದಾಗಿ ಒಂದು ನೋಟುಬುಕ್ಕು. ಪ್ರತಿ ಭಾನುವಾರ ನಾಲ್ಕು ಸಾಲು ಸಾಕು: ಈ ವಾರ ಹೆಸರಿಗೆ ಹತ್ತರಲ್ಲಿ ಎಷ್ಟು ಸಲ ತಿರುಗಿತು, ಯಾವ ಹೊಸ ಸನ್ನೆ, ಯಾವ ಪದ, ಒಂದು ಆಟದಲ್ಲಿ ಎಷ್ಟು ನಿಮಿಷ ಜೊತೆಗಿತ್ತು. ಪ್ರಗತಿ ಮೊದಲು ಕಾಣುವುದು ಪದಗಳಲ್ಲಲ್ಲ, ಕಣ್ಣಿನಲ್ಲಿ, ಆಮೇಲೆ ಕೈಯಲ್ಲಿ. ದಿನವೂ ಜೊತೆಗಿರುವವರಿಗೆ ಅದು ಕಾಣದೆ ‘ಏನೂ ಆಗುತ್ತಿಲ್ಲ’ ಅನ್ನಿಸಿಬಿಡುತ್ತದೆ. ಮೂರು ತಿಂಗಳಿಗೊಮ್ಮೆ ಈ ಪುಟಗಳನ್ನು ಥೆರಪಿಸ್ಟ್ ಮುಂದಿಡಿ. ಮೂರು ತಿಂಗಳಾದರೂ ನಾಲ್ಕು ಸಾಲಿನಲ್ಲಿ ಒಂದೂ ಬದಲಾಗಿಲ್ಲವಾದರೆ ಮಗುವನ್ನು ದೂರದೆ ಗುರಿಯನ್ನೂ ವಿಧಾನವನ್ನೂ ಬದಲಿಸಲು ಕೇಳಿ. ಶ್ರವಣ ಪರೀಕ್ಷೆ ಮಾಡಿಸಿ ವರ್ಷ ದಾಟಿದ್ದರೆ, ಅದನ್ನೂ ಇನ್ನೊಮ್ಮೆ ಮಾಡಿಸಿ.